ಬಳಸಿದ ಸ್ಪ್ರಿಂಗ್ ಇನ್ನು ಕೂಡಿಸುವುದಿಲ್ಲ: ಗ್ರಾಮಫೋನ್ ಗ್ರಾಹಕರಲ್ಲಿ ವಿನಂತಿ

ಗ್ರಾಹಕ ಬಾಂಧವರಿಗೆ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಹುಬ್ಬಳ್ಳಿ ಅಂಗಡಿಯಲ್ಲಿ ಗ್ರಾಮಫೋನಿಗೆ ಬಳಸಿದ ಮೇನ್ ಸ್ಪ್ರಿಂಗ್ (ಚಾವಿ ಕೊಟ್ಟಾಗ ಬಿಗಿದು ಪ್ಲೇಟನ್ನು ತಿರುಗಿಸುವ ಉಕ್ಕಿನ ಸುರುಳಿಪಟ್ಟಿ) ಕೂಡಿಸುವುದಿಲ್ಲ. ನೀವೇ ಕೊಂಡು ತಂದದ್ದಾದರೂ ಇಲ್ಲ. ಹಳೆಯ ಸೌಂಡ್ ಬಾಕ್ಸನ್ನು (ಪಿನ್ನು ಹಿಡಿದು ಸದ್ದು ಹೊರಡಿಸುವ ದುಂಡು ಭಾಗ) ಮಾತ್ರ ಬಿಚ್ಚಿ ಪರೀಕ್ಷಿಸಿ, ಗಟ್ಟಿ ಇದ್ದರೆ ಕೂಡಿಸುತ್ತೇವೆ.

ಬಳಸಿದ ಸ್ಪ್ರಿಂಗ್ ಮೇಲ್ನೋಟಕ್ಕೆ ಚೊಕ್ಕ ಕಂಡರೂ ಒಳತುದಿಯ ಕೊಕ್ಕೆ ಸಿಗಿಸುವ ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕು ಇರಬಹುದು. ಪೂರ್ತಿ ಚಾವಿ ಕೊಟ್ಟಾಗ ಅಲ್ಲಿಯೇ ತುಂಡಾಗುತ್ತದೆ, ಆ ಹೊಡೆತಕ್ಕೆ ಗೇರಿನ ಹಲ್ಲುಗಳೂ ಹೋಗಬಹುದು. ಹೊಸ ಸ್ಪ್ರಿಂಗ್ ತರಿಸಬಹುದು, ಗೇರು ಸಿಗುವುದು ಬಲು ಕಷ್ಟ. ತುಂಡಾಗದಿದ್ದರೂ ಕಸುವು ಕಳೆದುಕೊಂಡ ಸ್ಪ್ರಿಂಗ್ ಡಬ್ಬಿಯಿಂದ ತೆಗೆದ ಮೇಲೂ ಅಗಲವಾಗಿ ಬಿಚ್ಚಿಕೊಳ್ಳದೆ ಸಣ್ಣ ಸುರುಳಿಯಾಗಿಯೇ ಕೂರುತ್ತದೆ. ಅಂಥದ್ದರಲ್ಲಿ ಪ್ಲೇಟಿನ ಒಂದು ಮಗ್ಗಲು ಮುಗಿಯುವ ಮೊದಲೇ ವೇಗ ತಗ್ಗಿ ಸ್ವರ ಇಳಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆಯನ್ನು ಹಾಗೆ ಕೇಳುವುದು ಅವರಿಗೆ ಮಾಡುವ ಅನ್ಯಾಯ.

ಸೌಂಡ್ ಬಾಕ್ಸಿನ ತೊಂದರೆ ಬೇರೆ. ಎಷ್ಟೋ ಹಳೆಯ ಸೌಂಡ್ ಬಾಕ್ಸುಗಳ ಮೈ ಸತುವಿನ ಎರಕದ್ದು. ಆ ಕಾಲದ ಸತುವಿನಲ್ಲಿ ಸೀಸ, ತವರ ಬೆರೆತಿದ್ದರೆ ತೇವಕ್ಕೆ ಲೋಹ ಒಳಗಿನಿಂದಲೇ ಉಬ್ಬಿ ಸೀಳುತ್ತದೆ. ಅದಕ್ಕೆ ಬೆಸುಗೆಯೂ ಇಲ್ಲ, ಅಂಟೂ ಇಲ್ಲ. ಕೊಳ್ಳುವಾಗ ಬೆಳಕಿಗೆ ಹಿಡಿದು ಅಂಚನ್ನು ನೋಡಿ: ಗೆರೆಯಂಥ ಬಿರುಕು, ಗುಳ್ಳೆ ಎದ್ದ ಹೊಳಪು ಕಂಡರೆ ಬಿಟ್ಟುಬಿಡಿ. ಪಿನ್ನು ಕೂರುವ ಕಡ್ಡಿಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿದರೆ ಅದು ತಾನೇ ನಡುವಿಗೆ ಮರಳಬೇಕು. ಬಿಗಿಯಾಗಿದ್ದರೆ ಪ್ಲೇಟಿನ ಗೆರೆ ಸವೆಯುತ್ತದೆ, ಸಡಿಲವಾಗಿದ್ದರೆ ಗರಗರ ಸದ್ದು ಬರುತ್ತದೆ. ಒಳಗಿನ ರಬ್ಬರ್ ಗಟ್ಟಿಯಾಗಿದ್ದರೆ ಹೆದರಬೇಡಿ, ಅದನ್ನು ಬದಲಿಸಬಹುದು.

ಹೊಳೆಯುವ ಹಿತ್ತಾಳೆ ಕಹಳೆಯ, ನಾಯಿ ಚಿತ್ರದ ಪೆಟ್ಟಿಗೆಗಳಲ್ಲಿ ಎಷ್ಟೋ ಇತ್ತೀಚೆಗೆ ಜೋಡಿಸಿದವು. ಒಳಗೆ ಯಾವುದೋ ಪೋರ್ಟಬಲ್ ಗ್ರಾಮಫೋನಿನ ಮೋಟಾರು ಇರುತ್ತದೆ. ಹಣ ಕೊಡುವ ಮೊದಲು ಮೇಲಿನ ಹಲಗೆ ಎತ್ತಿಸಿ ನೋಡಿ.

ಹೊಸ ಸ್ಪ್ರಿಂಗಿನಿಂದ ಖರ್ಚು ಹೆಚ್ಚುತ್ತದೆ, ಅದು ನಮಗೆ ಗೊತ್ತು. ಅದಕ್ಕೇ ಒಂದು ವರ್ಷದ ಹೊಣೆ ಹೊರುತ್ತೇವೆ. ಅಗಲ, ದಪ್ಪ, ಉದ್ದ, ತುದಿಯ ತೂತಿನ ಆಕಾರ, ಈ ನಾಲ್ಕೂ ಹೊಂದಬೇಕಾದ್ದರಿಂದ ಮೋಟಾರನ್ನೇ ತನ್ನಿ. ಕೂಡಿಸಿದ ಮೇಲೆ 77 ಗೆರೆಯ ಚಕ್ರವನ್ನು ನಮ್ಮ 50 ಹರ್ಟ್ಜ್ ವಿದ್ಯುತ್ತಿನ ಹಳೆಯ ಬಲ್ಬಿನ ಬೆಳಕಿನಲ್ಲಿ ತಿರುಗಿಸಿ, ಗೆರೆಗಳು ನಿಂತಂತೆ ಕಾಣುವವರೆಗೆ ಸರಿಪಡಿಸಿ, ವೇಗವನ್ನು ನಿಮ್ಮೆದುರೇ ನಿಮಿಷಕ್ಕೆ 78 ಸುತ್ತಿಗೆ ಹೊಂದಿಸಿಕೊಡುತ್ತೇವೆ.

ತರುವ ಮುನ್ನ ಬ್ರೇಕ್ ಸಡಿಲಿಸಿ, ಚಾವಿ ಪೂರ್ತಿ ಇಳಿಯುವವರೆಗೆ ಓಡಲು ಬಿಡಿ. ಪಿನ್ನು ತೆಗೆದಿಡಿ. ಸ್ಪ್ರಿಂಗಿನ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಲೇಬೇಡಿ, ಚಿಮ್ಮಿದ ಪಟ್ಟಿ ಕೈ ಸೀಳುತ್ತದೆ.

ಇತಿ ನಿಮ್ಮ,
ಗ್ರಾಮಫೋನ್ ರಿಪೇರಿ ಅಂಗಡಿಯವರು, ಹುಬ್ಬಳ್ಳಿ