ನಮ್ಮ ಹಳೇ ಶೆವಿ ಹೆದ್ದಾರಿಗೆ ಇಳಿಯಿತು: ಕಾಕಾಗೆ ಒಂದು ಥ್ಯಾಂಕ್ಸ್

ಗೇರ್‌ಬಾಕ್ಸ್ ಬದಲಿಸಿದ ನಮ್ಮ 1972ರ ಶೆವ್ರೊಲೆ ಸಿ-10 ಪಿಕಪ್ ಕಳೆದ ವಾರ ಐ-75 ಹಿಡಿದು ಮ್ಯಾಕಿನಾ ಸೇತುವೆ ದಾಟಿ, ಮತ್ತೆ ಡೆಟ್ರಾಯ್ಟ್ ಕಡೆ ಮನೆಗೆ ವಾಪಸ್ ಬಂತು. ದಾರಿಯುದ್ದಕ್ಕೂ ಒಂದು ಚೂರೂ ತೊಂದರೆ ಕೊಡಲಿಲ್ಲ. ಫೋಟೋ ನೋಡಿ ಎಷ್ಟೋ ಜನ ಮೆಸೇಜ್ ಮಾಡಿದ್ದೀರಿ. ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ.

ಓಡುತ್ತಿದ್ದ ಗೇರ್‌ಬಾಕ್ಸ್ ಯಾಕೆ ತೆಗೆದೆ ಅಂತ ಕೆಲವರು ಕೇಳಿದ್ದಿರಿ. ಮೊದಲು ಇದ್ದದ್ದು ಟರ್ಬೊ 350, ಮೂರು ಗೇರಿನ ಆಟೊಮ್ಯಾಟಿಕ್. ಬಹಳ ಗಟ್ಟಿ. ಆದರೆ ಮೇಲಿನ ಗೇರಿನ ಅನುಪಾತ 1.00ಕ್ಕೆ ಮುಗಿದುಹೋಗುತ್ತದೆ, ಅಂದರೆ ಇಂಜಿನ್ ಒಂದು ಸುತ್ತು ತಿರುಗಿದರೆ ಹಿಂದಿನ ಚಕ್ರದ ಕಡೆ ಹೋಗುವ ಡ್ರೈವ್‌ಶಾಫ್ಟೂ ಒಂದೇ ಸುತ್ತು. ನಮ್ಮ ಹಿಂದಿನ ಆಕ್ಸಲ್ ಅನುಪಾತ 3.73, ಟೈರ್ 28 ಇಂಚು. ಗಂಟೆಗೆ 65 ಮೈಲಿ ಓಡಿಸಿದರೆ ಇಂಜಿನ್ ನಿಮಿಷಕ್ಕೆ 2,900 ಸುತ್ತು ತಿರುಗುತ್ತಿತ್ತು. ಪಕ್ಕದಲ್ಲಿ ಕೂತವರ ಮಾತು ಕೇಳುತ್ತಿರಲಿಲ್ಲ. ಈಗ ಹಾಕಿರುವ 700ಆರ್4 ನಾಲ್ಕು ಗೇರಿನ ಆಟೊಮ್ಯಾಟಿಕ್. ಅದರ ನಾಲ್ಕನೇ ಗೇರ್ ಓವರ್‌ಡ್ರೈವ್, 0.70, ಅಂದರೆ ಇಂಜಿನ್ 0.70 ಸುತ್ತು ತಿರುಗಿದರೆ ಡ್ರೈವ್‌ಶಾಫ್ಟ್ ಒಂದು ಸುತ್ತು. ಅದೇ ವೇಗಕ್ಕೆ 2,000 ಚಿಲ್ಲರೆ ಸುತ್ತು ಸಾಕು. ಮೊದಲನೇ ಗೇರ್ ಕೂಡ 2.52ರ ಬದಲು 3.06, ಹಾಗಾಗಿ ಸಿಗ್ನಲ್‌ನಲ್ಲಿ ಹೊರಡುವುದೂ ಚುರುಕು. ಜಿಎಂ (ಜನರಲ್ ಮೋಟರ್ಸ್) ಇದನ್ನು 1982ರಲ್ಲಿ ತಂದಿತು, 1990ರಲ್ಲಿ 4ಎಲ್60 ಅಂತ ಹೆಸರು ಬದಲಿಸಿತು. ಆಮೇಲೆ ಬಂದ 4ಎಲ್60ಇಗೆ ಕಂಪ್ಯೂಟರ್ ಬೇಕು. ಕಾರ್ಬೊರೇಟರ್ ಗಾಡಿಗೆ ಹಳೆಯದೇ ವಾಸಿ.

ಇಂಜಿನ್ ಎತ್ತುವ ಹಾಯ್ಸ್ಟ್ ಕೊಟ್ಟವರಿಗೆ, ಡ್ರೈವ್‌ಶಾಫ್ಟ್ ಮೂರು ಇಂಚು ಕತ್ತರಿಸಿ ಬ್ಯಾಲೆನ್ಸ್ ಮಾಡಿಕೊಟ್ಟ ಊರಿನ ಅಂಗಡಿಯವರಿಗೆ, ನಾನು ಊರಿಗೆ ಹೋದಾಗ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತಂದ ಗೆಳೆಯರಿಗೆ, ಎಣ್ಣೆಮಯವಾದ ಗ್ಯಾರೇಜನ್ನು ಇಷ್ಟು ದಿನ ಸಹಿಸಿಕೊಂಡ ನನ್ನ ಹೆಂಡತಿಗೆ ಮನಸಾರೆ ಥ್ಯಾಂಕ್ಸ್.

ಇನ್ನು ಕಾಕಾ. ಹೆಸರು ಹಾಕಬೇಡ ಅಂತ ಹೇಳಿದ್ದಾರೆ, ಹಾಕುವುದಿಲ್ಲ. ಹುಬ್ಬಳ್ಳಿಯವರು. ಈ ದೇಶದಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುತ್ತಲೇ ವಯಸ್ಸು ಕಳೆದವರು.

ಅಮ್ಮ ದಾವಣಗೆರೆಯಲ್ಲಿ ಐಸಿಯು ಸೇರಿದ ಸುದ್ದಿ ಬಂದ ರಾತ್ರಿ ಅವರು ನಮ್ಮ ಗ್ಯಾರೇಜಿನಲ್ಲಿದ್ದರು. ಅಮ್ಮನ ವಿಷಯ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ವಿಮಾನ ಇದ್ದದ್ದು ಮರುದಿನ. ಕಾಕಾ ಮನೆಗೆ ಹೋಗಲಿಲ್ಲ. ನನ್ನ ಕೈಯಲ್ಲಿದ್ದ ಫೋನ್ ತೆಗೆದುಕೊಂಡು ಬೆಂಚಿನ ಮೇಲಿಟ್ಟರು. “ಬಂದ್ರ ಕೇಳಸ್ತದ. ನೀ ಇಲ್ಲೆ ಬಾ” ಅಂದರು.

ನೆಲದ ಮೇಲೆ ನಾನು ಕೊಂಡು ತಂದಿದ್ದ 700ಆರ್4 ಇತ್ತು. ಮಾರಿದವನು 1987ರ ಮಾಡೆಲ್, ರೀಬಿಲ್ಡ್ ಆಗಿದೆ ಅಂತ ಹೇಳಿ ಕೊಟ್ಟಿದ್ದ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂರುವ ಟಾರ್ಕ್ ಕನ್ವರ್ಟರನ್ನು ಕಾಕಾ ಎಳೆದು ಪಕ್ಕಕ್ಕಿಟ್ಟರು. ಮುಂದೆ ಚಾಚಿಕೊಂಡಿದ್ದ ಇನ್‌ಪುಟ್ ಶಾಫ್ಟನ್ನು ಬಟ್ಟೆಯಿಂದ ಒರೆಸಿ, ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, “ಎಣಸೋ ತಮ್ಮಾ” ಅಂದರು. ಎಣಿಸಿದೆ, 27 ಬಂತು. ಮತ್ತೆ ಎಣಿಸು ಅಂದರು. ಮತ್ತೆ 27. ಶುರುವಿನ ವರ್ಷಗಳ 700ಆರ್4ಗಳಿಗೆ 27 ಹಲ್ಲು, 1985ರಿಂದ ಈಚೆಯವಕ್ಕೆ 30. ಕೆಳಗಿನ ಎಣ್ಣೆ ತಟ್ಟೆ (ಪ್ಯಾನ್) ಕೂರುವ ಅಂಚಿನಲ್ಲಿ, ಬಲಗಡೆ ಹಿಂದೆ, ಒಂದು ಕೋಡ್ ಹೊಡೆದಿರುತ್ತದೆ. ಕೋಡ್‌ನ ಮೊದಲ ಅಂಕಿಯೇ ವರ್ಷದ ಕೊನೆಯ ಅಂಕಿ. ಕೊಳೆ ಕೆರೆದು ಟಾರ್ಚ್ ಹಿಡಿದರೆ ಅಲ್ಲಿ 7 ಅಲ್ಲ, 3 ಇತ್ತು, ಅಂದರೆ 1983ರದು.

ಪ್ಯಾನ್ ಬಿಚ್ಚಿದಾಗ ಬಂದ ಎಣ್ಣೆ ಕಂದು ಬಣ್ಣ, ಸುಟ್ಟ ವಾಸನೆ. ಒಳಗೆ ಮೂರನೇ ಮತ್ತು ನಾಲ್ಕನೇ ಗೇರಿನ (3-4) ಕ್ಲಚ್ ಪ್ಲೇಟುಗಳು ಕರಿ ಹಿಡಿದಿದ್ದವು. ಇದಕ್ಕೆ ಸಾಮಾನ್ಯವಾಗಿ ಕಾರಣ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಅಂತ ಕಾಕಾ ಹೇಳಿದ್ದು ಅಲ್ಲೇ. ಕಾರ್ಬೊರೇಟರ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ಈ ಕೇಬಲ್ ಬರೀ ಗೇರ್ ಬದಲಿಸುವ ಹೊತ್ತನ್ನಷ್ಟೇ ಹೇಳುವುದಿಲ್ಲ, ಒಳಗಿನ ಎಣ್ಣೆಯ ಒತ್ತಡವನ್ನೂ ಅದೇ ನಿರ್ಧರಿಸುತ್ತದೆ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಕೇಬಲ್ಲೂ ಪೂರ್ತಿ ಎಳೆಯಬೇಕು. ಇಲ್ಲದಿದ್ದರೆ ಒತ್ತಡ ಸಾಲದೆ ಕ್ಲಚ್ ಜಾರುತ್ತದೆ, ಜಾರಿ ಜಾರಿ ಸುಟ್ಟುಹೋಗುತ್ತದೆ.

ಅಷ್ಟರಲ್ಲಿ ಅಕ್ಕನ ಫೋನ್ ಬಂತು. ವೆಂಟಿಲೇಟರ್ ಹಾಕುತ್ತಿದ್ದಾರೆ ಅಂದಳು. ಫೋನ್ ಇಟ್ಟವನು ಅಲ್ಲೇ ನೆಲದ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಅಮ್ಮ ಅಲ್ಲಿ ಹೋಗುತ್ತಿದ್ದಾಳೆ, ನಾನಿಲ್ಲಿ ಎಣ್ಣೆ ಕೈಯಲ್ಲಿ ಕೂತಿದ್ದೇನೆ ಅಂತ ಏನೇನೋ ಅಂದೆ. ಕಾಕಾ ಸಮಾಧಾನದ ಮಾತು ಆಡಲಿಲ್ಲ. ದೇವರಿದ್ದಾನೆ ಅಂತಲೂ ಹೇಳಲಿಲ್ಲ. ಮಂಡಿನೋವು ಇರುವ ಮನುಷ್ಯ, ಆ ತಣ್ಣನೆ ಕಾಂಕ್ರೀಟಿನ ಮೇಲೆ ನನ್ನ ಪಕ್ಕ ಕೂತರು. ಬಹಳ ಹೊತ್ತಾದ ಮೇಲೆ ಕ್ಲಚ್ ಪ್ಲೇಟುಗಳನ್ನು ಒಂದೊಂದಾಗಿ ಒರೆಸಿ ರಟ್ಟಿನ ಮೇಲೆ ಸಾಲಾಗಿ ಇಡತೊಡಗಿದರು. ಸ್ವಲ್ಪ ಹೊತ್ತಿಗೆ ನಾನೂ ಇಡತೊಡಗಿದೆ. ಬೆಳಗಾಗುವವರೆಗೆ ಹಾಗೇ ಇದ್ದೆವು. ಆಮೇಲೆ ಅವರೇ ನನ್ನನ್ನು ಏರ್‌ಪೋರ್ಟಿಗೆ ಬಿಟ್ಟರು.

ಆ ರಾತ್ರಿ ಒಬ್ಬನೇ ಇದ್ದಿದ್ದರೆ ಏನಾಗುತ್ತಿದ್ದೆನೋ ಗೊತ್ತಿಲ್ಲ ಕಾಕಾ. ಇದನ್ನು ಎದುರಿಗೆ ಹೇಳಲು ಆಗಿರಲಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಅಮ್ಮ ಈಗ ಮನೆಯಲ್ಲಿದ್ದಾಳೆ. ಕೋಲು ಹಿಡಿದು ಓಡಾಡುತ್ತಾಳೆ, ಅಕ್ಕನ ಅಡುಗೆಗೆ ಉಪ್ಪು ಕಮ್ಮಿ ಅಂತ ಜಗಳವಾಡುತ್ತಾಳೆ.

ನಾನು ದಾವಣಗೆರೆ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಒಂದು ದಿನ ಕಾಕಾನಿಂದ ಎರಡು ಫೋಟೋ ಬಂದವು. ಒಂದರಲ್ಲಿ 7ರಿಂದ ಶುರುವಾಗುವ ಕೋಡ್. ಇನ್ನೊಂದರಲ್ಲಿ ಸೀಮೆಸುಣ್ಣದ ಗುರುತಿದ್ದ ಶಾಫ್ಟ್, ಕೆಳಗೆ “30. ಎಣಿಸೇನಿ” ಅಂತ ಬರೆದಿದ್ದರು. ಅಪಘಾತವಾದ ಪಿಕಪ್ ಒಂದರಿಂದ ನನಗಾಗಿ ಬಿಚ್ಚಿಸಿ ತಂದಿದ್ದರು. ನಾನು ವಾಪಸ್ ಬಂದ ಮೇಲೆ ಅದನ್ನು ಪೂರ್ತಿ ಬಿಚ್ಚಿ ಕಟ್ಟಿದೆವು. ಹೊಸ 3-4 ಕ್ಲಚ್, ಎರಡನೇ ಗೇರನ್ನು ಬಿಗಿ ಹಿಡಿಸುವ ಪಿಸ್ಟನ್ ಅಂದರೆ ದೊಡ್ಡದಾದ ಕಾರ್ವೆಟ್ ಸರ್ವೊ, ಒಳಗಿನ ಗೇರಿಗೆ ಬಲ ದಾಟಿಸುವ ಗಟ್ಟಿ ಸನ್ ಶೆಲ್, ಮುಂದೆ ಬೇರೆ ಆಯಿಲ್ ಕೂಲರ್. ಕಾರ್ಬೊರೇಟರ್‌ಗೆ ಸರಿಹೊಂದುವ ಬ್ರಾಕೆಟ್ ಹಾಕಿ ಕೇಬಲ್ ಕೂರಿಸಿ, ಒತ್ತಡವನ್ನು ಗೇಜ್ ಹಾಕಿ ನೋಡುವವರೆಗೆ ಗಾಡಿಯನ್ನು ರಸ್ತೆಗೆ ಬಿಡಲು ಕಾಕಾ ಒಪ್ಪಲಿಲ್ಲ.

ಈಗ ಕಾಕಾನ ಶೆವ್ರೊಲೆ ಶೆವೆಲ್ ಕಾರಿನ ಸರದಿ. ಅದಕ್ಕೆ ಜಿಎಂನ ಇನ್ನೊಂದು ನಾಲ್ಕು ಗೇರಿನ ಆಟೊಮ್ಯಾಟಿಕ್ 200-4ಆರ್ ಹುಡುಕುತ್ತಿದ್ದೇನೆ. ಉದ್ದ ಅವರ ಟರ್ಬೊ 350ಯಷ್ಟೇ ಇರುವುದರಿಂದ ಡ್ರೈವ್‌ಶಾಫ್ಟ್ ಕತ್ತರಿಸುವುದು ಬೇಡ, ಗೇರ್‌ಬಾಕ್ಸನ್ನು ಹೊತ್ತಿರುವ ಅಡ್ಡಪಟ್ಟಿ (ಕ್ರಾಸ್‌ಮೆಂಬರ್) ಮಾತ್ರ ಹಿಂದಕ್ಕೆ ಸರಿಸಬೇಕು. ಓವರ್‌ಡ್ರೈವ್ 0.67. ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್‌ನ ಬಿಆರ್‌ಎಫ್ ಕೋಡಿನದು ಸಿಕ್ಕರೆ ಬಹಳ ಖುಷಿ, ಮಾಂಟೆ ಕಾರ್ಲೊ ಎಸ್‌ಎಸ್‌ನ ಸಿಝಡ್‌ಎಫ್ ಆದರೂ ಸರಿ. ಯಾರಿಗಾದರೂ ಕಂಡರೆ ಮೊದಲು ಕೋಡ್ ಇರುವ ಟ್ಯಾಗ್‌ನ ಫೋಟೋ ಕಳಿಸಿ. ಈ ಸಲದ ಖರ್ಚು ನನ್ನದು, ಕಾಕಾ ಬೇಡ ಅಂದರೂ ಕೇಳುವುದಿಲ್ಲ.