ಫೋಟೋ ತೆಗೆಸ್ಕೊಳ್ಳೋಕಲ್ಲ, ತೆಗೆಯೋಕೆ ಹೋಗಿದ್ದು

ಸಂಪಾದಕರೇ,

ಸೋಮವಾರದ ನಿಮ್ಮ ಪೇಪರ್‌ನಲ್ಲಿ ಕೆರೆ ಏರಿ ಮೇಲೆ ಅನುಮತಿ ಇಲ್ದೆ ಫೋಟೋಶೂಟ್ ಮಾಡ್ತಿದ್ದ ಮಹಿಳೆಯರನ್ನ ಸಿಬ್ಬಂದಿ ಹೊರಗೆ ಕಳಿಸಿದ್ರು ಅಂತ ಸುದ್ದಿ ಬಂತಲ್ಲ, ಆ ಮಹಿಳೆಯರಲ್ಲಿ ನಾನೂ ಒಬ್ಬಳು. ಫೋಟೋಶೂಟ್ ಅಲ್ಲ ಸ್ವಾಮಿ ಅದು. ಹನ್ನೊಂದು ಜನ ಹೆಂಗಸ್ರು ಹಕ್ಕಿ ಫೋಟೋ ತೆಗೆಯೋಕೆ ಹೋಗಿದ್ವಿ. ಸೀರೆ ಉಟ್ಕೊಂಡು ಹೂ ಮುಡ್ಕೊಂಡು ಪೋಸ್ ಕೊಡೋಕೆ ಯಾರೂ ಹೋಗಿರ್ಲಿಲ್ಲ. ನಿಮ್ಮ ವರದಿಗಾರರು ನಮ್ಮಲ್ಲಿ ಒಬ್ಬರನ್ನಾದ್ರೂ ಕೇಳಿದ್ರಾ? ಗೇಟ್ ಹತ್ರನೇ ನಿಂತಿದ್ವಿ, ಮುಕ್ಕಾಲು ಗಂಟೆ.

ಆವತ್ತು ನಾನು ಎದ್ದಿದ್ದು ನಾಲ್ಕೂವರೆಗೆ. ಅತ್ತೆಗೆ ಶುಗರ್ ಇದೆ, ಅವರ ತಿಂಡಿ ಮಾಡಿ ಮುಚ್ಚಿಟ್ಟು, ಮಾತ್ರೆ ಎಣಿಸಿ ತಟ್ಟೆ ಪಕ್ಕ ಇಟ್ಟು, ಮಗನಿಗೆ ಮೂರು ಸಲ ಹೇಳಿ, ಆ ಚಳೀಲಿ ಆಟೋ ಸಿಗದೆ ಸರ್ಕಲ್ ತನಕ ನಡ್ಕೊಂಡು ಹೋಗಿ, ಸಿಕ್ಕಿದ ಒಂದು ಆಟೋದವನು ಡಬಲ್ ಕೇಳಿ, ಅದನ್ನೂ ಕೊಟ್ಟು ಆರೂಕಾಲಿಗೆ ಗೇಟ್ ಹತ್ರ ಇದ್ದೆ. ನಮ್ಮ ಫೋಟೋಗ್ರಫಿ ಕ್ಲಬ್‌ನವರು ನಾಲ್ಕು ಜನ ಸೇರಿ ದುಡ್ಡು ಹಾಕಿ ಒಂದು ದಿನಕ್ಕೆ ದೊಡ್ಡ ಲೆನ್ಸ್ ಬಾಡಿಗೆಗೆ ತಂದಿದ್ವಿ, ಸಂಜೆ ಆರಕ್ಕೆ ವಾಪಸ್ ಕೊಡ್ಬೇಕು. ಜನವರೀಲಿ ಮೈಸೂರಲ್ಲಿ ಸೂರ್ಯ ಕಾಣೋದೇ ಆರೂಮುಕ್ಕಾಲು ಹೊತ್ತಿಗೆ. ಆಮೇಲೆ ಒಂದು ಅರ್ಧ ಗಂಟೆ, ಹೆಚ್ಚಂದ್ರೆ ಮುಕ್ಕಾಲು ಗಂಟೆ, ಆ ಬಂಗಾರದ ಬೆಳಕು ಇರುತ್ತೆ. ಹಾವಕ್ಕಿ ನೀರಿಂದ ಎದ್ದು ಬಂದು ಒಣಗಿದ ಕೊಂಬೆ ಮೇಲೆ ರೆಕ್ಕೆ ಹರಡ್ಕೊಂಡು ಒಣಗಿಸ್ಕೊಳ್ತಾ ಕೂತಿರುತ್ತಲ್ಲ, ಹಿಂದಿಂದ ಬಿಸಿಲು ಬಿದ್ರೆ ಒಂದೊಂದು ಗರೀನೂ ಬೇರೆ ಬೇರೆಯಾಗಿ ಹೊಳೆಯುತ್ತೆ. ಅದಕ್ಕೋಸ್ಕರ ಮೂರು ಭಾನುವಾರದಿಂದ ಕಾಯ್ತಿದ್ವಿ, ಎರಡು ಭಾನುವಾರ ಬರೀ ಮಂಜು. ಈ ಸಲ ಆಕಾಶ ತಿಳಿಯಾಗಿತ್ತು, ಹೆಜ್ಜಾರ್ಲೆ ಕೂಡ ಬಂದಿದ್ವು, ಟ್ರೈಪಾಡ್ ಬಿಚ್ಚಿ ನಿಲ್ಲಿಸಿದ್ವಿ ಅಷ್ಟೇ.

ಆಗ ಗಾರ್ಡ್ ಬಂದ್ರು. ಮೊದಲನೇ ಪ್ರಶ್ನೆ ಏನು ಗೊತ್ತಾ? "ಮಾಡೆಲ್ ಯಾರು?" ಯಾರೂ ಇಲ್ಲಪ್ಪಾ ಅಂದ್ವಿ. "ಮತ್ತೆ ಫೋಟೋಗ್ರಾಫರ್ ಎಲ್ಲಿ?" ನಾವೇ ಅಂದ್ವಿ. ನಂಬ್ಲಿಲ್ಲ ಮನುಷ್ಯ. ಹನ್ನೊಂದು ಜನದ ಕುತ್ತಿಗೇಲಿ ಕ್ಯಾಮೆರಾ ನೇತಾಡ್ತಿದೆ, ಆದ್ರೂ ಆ ಕಡೆ ಈ ಕಡೆ ಗಂಡಸ್ರನ್ನ ಹುಡುಕ್ತಿದ್ದಾರೆ. ಅಷ್ಟೊತ್ತಿಗೆ ಸಾಹೇಬ್ರಿಗೆ ಫೋನ್ ಹೋಯ್ತು. ಸಾಹೇಬ್ರು ಬರ್ಲಿಲ್ಲ, ಫೋನಲ್ಲೇ ಆರ್ಡರ್ ಮಾಡಿದ್ರು, ಪರ್ಮಿಷನ್ ಲೆಟರ್ ಇಲ್ದಿದ್ರೆ ಕಳಿಸಿಬಿಡಿ ಅಂತ. ಯಾರ ಪರ್ಮಿಷನ್, ಯಾವ ಆಫೀಸು, ಎಷ್ಟು ಫೀಸು, ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಅದೇ ಹೊತ್ತಲ್ಲಿ ನಮ್ಮ ಕಣ್ಣೆದುರಿಗೇ ಇಬ್ಬರು ಗಂಡಸ್ರು, ಒಂದು ಮೊಳ ಉದ್ದದ ಲೆನ್ಸ್ ಹೆಗಲ ಮೇಲೆ ಹೊತ್ಕೊಂಡು ಏರಿ ಮೇಲೆ ನಡ್ಕೊಂಡು ಹೋದ್ರು. ಅವರನ್ನ ಒಂದು ಮಾತು ಕೇಳ್ಲಿಲ್ಲ! ಅವರ ಮೇಲೆ ನಮಗೇನೂ ಸಿಟ್ಟಿಲ್ಲ, ಅವರೇ ಬಂದು ನಮ್ಮ ಪರ ಮಾತಾಡಿದ್ರು ಪಾಪ. ಆದ್ರೆ ನಮಗೊಂದು ರೂಲು ಅವರಿಗೊಂದು ರೂಲು ಯಾಕೆ ಅಂತ ಉತ್ತರ ಬೇಕು ನನಗೆ.

ರೂಲು ಇದ್ರೆ ನಾವು ಬೇಡ ಅನ್ನೋರಲ್ಲ. ರಂಗನತಿಟ್ಟಿಗೆ ಹೋಗ್ತೀವಿ, ಕ್ಯಾಮೆರಾಗೆ ಬೇರೆ ಶುಲ್ಕ ಇದೆ, ಕಟ್ತೀವಿ, ರಶೀದಿ ಕೊಡ್ತಾರೆ, ಮುಗೀತು. ಸೋಮನಾಥಪುರಕ್ಕೆ ಹೋಗ್ತೀವಿ, ಅಲ್ಲಿ ಟ್ರೈಪಾಡ್‌ಗೆ ಮೊದಲೇ ಪರ್ಮಿಷನ್ ಬೇಕು ಅಂತ ಗೊತ್ತು, ಹಂಗಾಗಿ ಒಯ್ಯಲ್ಲ, ಒಳಗಿನ ಕತ್ತಲಿಗೆ ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯೋ ಶಕ್ತಿ) ಏರಿಸ್ಕೊಂಡು ಉಸಿರು ಬಿಗಿಹಿಡಿದು ಚಾವಣಿಯ ಆ ಭುವನೇಶ್ವರಿ ಕೆತ್ತನೆ ಫೋಟೋ ತೆಗೀತೀವಿ. ಭಾನುವಾರ ಸಂಜೆ ಅರಮನೆ ದೀಪ ಹತ್ತುತ್ತಲ್ಲ, ಸುಮಾರು 97 ಸಾವಿರ ಬಲ್ಬು, ಅದನ್ನ ಬೆಳಕಿನ ಜಾಗವೆಲ್ಲ ಬರೀ ಬಿಳಿಯಾಗಿ ಸುಟ್ಟು ಹೋಗದ ಹಾಗೆ ತೆಗೆಯೋದು ಕಲಿಯೋಕೇ ನಮಗೆ ಆರು ತಿಂಗಳು ಆಯ್ತು. ಎಲ್ಲೂ ಯಾರ ಜೊತೆಗೂ ಜಗಳ ಆಗಿಲ್ಲ. ಎರಡನೇ ಶನಿವಾರ ಒಬ್ಬರ ಮನೆ ಮಹಡಿ ಮೇಲೆ ಸೇರ್ತೀವಿ, ತಿಂಗಳಿಗೆ ಒಂದೇ ವಿಷಯ, ತಲಾ ಮೂರು ಫೋಟೋ, ಗೋಡೆ ಮೇಲೆ ಪ್ರೊಜೆಕ್ಟರ್ ಹಾಕ್ಕೊಂಡು ಒಬ್ಬರ ಫೋಟೋ ಒಬ್ಬರು ಬಿಚ್ಚಿ ನೋಡ್ತೀವಿ, ಹಾರಿಜಾನ್ ಓರೆಯಾಗಿದೆ, ಫೋಕಸ್ ಕಣ್ಣಿನ ಮೇಲಿಲ್ಲ ಕೊಕ್ಕಿನ ಮೇಲಿದೆ ಅಂತ ನೇರವಾಗೇ ಹೇಳ್ತೀವಿ. ನಮ್ಮಲ್ಲಿ ಬ್ಯಾಂಕ್‌ನಲ್ಲಿ ಇರೋರಿದ್ದಾರೆ, ಟೈಲರ್ ಇದ್ದಾರೆ, ಮೂರು ಮನೆ ಕೆಲಸ ಮಾಡೋ ಒಬ್ಬರು ಮೊಬೈಲಲ್ಲೇ ತೆಗೀತಾರೆ. ದೇವರಾಜ ಮಾರ್ಕೆಟ್‌ನ ಕುಂಕುಮದ ರಾಶಿ ಹಿಂದೆ ಕೂತಿರೋ ಅಜ್ಜಿ ಫೋಟೋ ಅವರು ತೆಗೆದಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ತೆಗೆದಿಲ್ಲ, ಆ ಅಜ್ಜಿಗೆ ಪ್ರಿಂಟ್ ಹಾಕ್ಸಿ ಕೊಟ್ಟೂ ಬಂದ್ವಿ. ಆ ಹೆಂಗಸು ವಾರಕ್ಕೆ ಸಿಗೋ ಒಂದೇ ಒಂದು ರಜಾ ದಿನ ಬೆಳಗ್ಗೆ ಕೆರೆಗೆ ಬಂದಿದ್ರು. ಅವರನ್ನ ಹೊರಗೆ ಹೋಗಮ್ಮಾ ಅಂತ ಏಕವಚನದಲ್ಲಿ ಅಂದ್ರಲ್ಲ, ಅದು ನನಗೆ ಇನ್ನೂ ಚುಚ್ತಿದೆ. ಅವರು ಮುಂದಿನ ಭಾನುವಾರ ಬರಲ್ಲ ಅಂದಿದ್ದಾರೆ.

ಹೆಂಗಸ್ರು ಕ್ಯಾಮೆರಾ ಹಿಂದೆ ನಿಲ್ಲೋದು ಈಗ ಶುರುವಾಗಿದ್ದಾ? ಹೋಮೈ ವ್ಯಾರಾವಾಲಾ, 1913ರಲ್ಲಿ ಗುಜರಾತಿನ ನವಸಾರೀಲಿ ಹುಟ್ಟಿದೋರು, ದೆಹಲೀಲಿ ಸೀರೆ ಉಟ್ಕೊಂಡು ಆ ಭಾರದ ಕ್ಯಾಮೆರಾ ಹೊತ್ಕೊಂಡು ಸೈಕಲ್ ತುಳೀತಾ ಹೋಗಿ ಸ್ವಾತಂತ್ರ್ಯ ಬಂದಾಗಿನ ಫೋಟೋಗಳನ್ನ ತೆಗೆದ್ರು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಫೋಟೋಗ್ರಾಫರ್. ಶುರೂಲಿ ಅವರು ತೆಗೆದ ಫೋಟೋಗಳು ಗಂಡನ ಹೆಸರಲ್ಲಿ ಅಚ್ಚಾಗ್ತಿದ್ವಂತೆ. 2011ರಲ್ಲಿ ಪದ್ಮವಿಭೂಷಣ ಕೊಟ್ರು. ಇಷ್ಟೆಲ್ಲ ಆದ್ಮೇಲೂ ನಮ್ಮೂರಲ್ಲಿ ಹನ್ನೊಂದು ಹೆಂಗಸ್ರನ್ನ ನೋಡಿ "ಫೋಟೋಗ್ರಾಫರ್ ಎಲ್ಲಿ" ಅಂತ ಕೇಳ್ತಾರೆ, ಪೇಪರ್‌ನವರು ಫೋಟೋಶೂಟ್ ಅಂತ ಬರೀತಾರೆ.

ಇನ್ನು ಆ ಕೆರೆ ವಿಷಯ. ಕ್ಯಾಮೆರಾದಿಂದ ಹಕ್ಕಿಗೆ ತೊಂದರೆ ಅಂದ್ರಂತೆ ಸಾಹೇಬ್ರು. ನಾವು ಗೂಡಿನ ಹತ್ರ ಹೋಗಲ್ಲ, ಫ್ಲಾಶ್ ಹೊಡೆಯಲ್ಲ, ಕಲ್ಲೆಸೆದು ಹಾರಿಸಲ್ಲ, ಇದು ನಮ್ಮ ಕ್ಲಬ್‌ಗೆ ಸೇರೋ ದಿನವೇ ಹೇಳೋ ಮಾತು. ಹಕ್ಕಿಗೆ ತೊಂದರೆ ಆಗ್ತಿರೋದು ಆಚೆ ಬಡಾವಣೆಯಿಂದ ಒಳಗೆ ಬರ್ತಿರೋ ಚರಂಡಿ ನೀರಿಂದ. ಆ ಮೂಲೇಲಿ ಮೂಗು ಬಿಟ್ಕೊಂಡು ನಿಲ್ಲೋಕಾಗಲ್ಲ, ಅದರ ಬಗ್ಗೆ ನಾವೇ ಫೋಟೋ ಸಮೇತ ಎರಡು ಸಲ ಅರ್ಜಿ ಕೊಟ್ಟಿದ್ದೀವಿ, ಒಂದಕ್ಕೂ ಉತ್ತರ ಇಲ್ಲ. ಬಹುಶಃ ಆ ಫೋಟೋಗಳೇ ಇವರಿಗೆ ತೊಂದರೆ ಕೊಡ್ತಿರೋದು. ಶೌಚಾಲಯ ಕಟ್ಟಿದ್ದಾರೆ, ಬೀಗ ಹಾಕಿದ್ದಾರೆ. ಕೀ ಯಾರ ಹತ್ರ ಅಂದ್ರೆ ಅವರು ಒಂಬತ್ತು ಗಂಟೆಗೆ ಬರ್ತಾರೆ ಅಂತಾರೆ. ಬೆಳಗ್ಗೆ ಐದೂವರೆಯಿಂದ ವಾಕಿಂಗ್ ಬರೋ ನೂರಾರು ಹೆಂಗಸ್ರು ಏನ್ ಮಾಡ್ಬೇಕು? ಏರಿ ಮೇಲಿನ ದೀಪ ದೀಪಾವಳಿಯಿಂದ ಉರಿದಿಲ್ಲ. ಹೋದ ವರ್ಷ ಮಾರ್ಚ್ 8ಕ್ಕೆ ಫೋಟೋ ಪ್ರದರ್ಶನ ಮಾಡೋಣ ಅಂತ ಒಂದು ಸರ್ಕಾರಿ ಹಾಲ್ ಕೇಳಿದ್ವಿ, ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಎಂಟು ಸಲ ಓಡಾಡ್ಸಿ, ಡೆಪಾಸಿಟ್ ಕಟ್ಟಿಸ್ಕೊಂಡು, ಹಿಂದಿನ ದಿನ ಸಾಯಂಕಾಲ ಯಾರೋ ದೊಡ್ಡವರ ಕಾರ್ಯಕ್ರಮ ಇದೆ ಅಂತ ಕ್ಯಾನ್ಸಲ್ ಮಾಡಿದ್ರು. ನಲವತ್ತು ಫ್ರೇಮ್ ಇವತ್ತಿಗೂ ನಮ್ಮ ಮನೆ ಮಂಚದ ಕೆಳಗಿದೆ. ಡೆಪಾಸಿಟ್ ವಾಪಸ್ ಬರೋಕೆ ಐದು ತಿಂಗಳು ಹಿಡೀತು.

ಗೇಟ್‌ನಲ್ಲಿ ನಿಂತ ಆ ಗಾರ್ಡ್ ಮೇಲೆ ಕ್ರಮ ತಗೊಳ್ಳಿ ಅಂತ ನಾನು ಕೇಳ್ತಿಲ್ಲ, ಅವರಿಗೆ ಸಂಬಳನೇ ಸರಿಯಾಗಿ ಆಗ್ತಿಲ್ವಂತೆ. ಆದ್ರೆ ಯಾರಾದ್ರೂ ಒಬ್ಬರು ಉತ್ತರ ಕೊಡ್ಬೇಕು. ಕ್ಯಾಮೆರಾ ಬಿಡಬಾರ್ದು ಅಂತಿದ್ರೆ ಗೇಟಲ್ಲಿ ಕನ್ನಡದಲ್ಲಿ ದೊಡ್ಡದಾಗಿ ಬೋರ್ಡ್ ಹಾಕಿ, ಎಲ್ಲರಿಗೂ ಒಂದೇ ರೂಲು ಮಾಡಿ. ಬಿಡಬೇಕು ಅಂತಿದ್ರೆ ನಮ್ಮನ್ನ ನಮ್ಮ ಪಾಡಿಗೆ ಬಿಡಿ. ನೀವೂ ಅಷ್ಟೇ ಸಂಪಾದಕರೇ, ಸುದ್ದಿ ಹಾಕಿದ ಜಾಗದಲ್ಲೇ ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಿ, ಮೂಲೇಲಿ ಎರಡು ಸಾಲು ಬೇಡ. ಆ ಫೋನ್ ಸಾಹೇಬ್ರು ಒಂದು ಭಾನುವಾರ ಆರು ಗಂಟೆಗೆ ಹಾಸಿಗೆ ಬಿಟ್ಟೆದ್ದು ಏರಿಗೆ ಬರ್ಲಿ, ದೀಪ ಉರಿಯುತ್ತಾ, ಶೌಚಾಲಯ ತೆಗೆದಿದೆಯಾ, ಚರಂಡಿ ನೀರು ಎಲ್ಲಿಂದ ಬರ್ತಿದೆ ಕಣ್ಣಾರೆ ನೋಡ್ಲಿ. ಅದನ್ನೆಲ್ಲ ಬಿಟ್ಟು ಹಕ್ಕಿ ನೋಡೋಕೆ ಬಂದ ಹೆಂಗಸ್ರನ್ನ ಓಡಿಸ್ತಾರಲ್ಲ, ನಾಚಿಕೆ ಆಗ್ಬೇಕು ಇವರಿಗೆ.

ನೊಂದ ಓದುಗಿ,
ಮೈಸೂರು