ಕಲ್ಲಿನ ಮನೆಗಳಿಗೆ ಬಾಡಿಗೆಯಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಪಾಳುಬಿದ್ದ ಹಳ್ಳಿಗಳ ಕಲ್ಲಿನ ಮನೆಗಳನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಉದ್ಯಮದ ಬಗ್ಗೆ ತಮ್ಮ ಪತ್ರಿಕೆಯ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ವಾರಸುದಾರರು ಊರು ಬಿಟ್ಟು, ಚಾವಣಿ ಕುಸಿದು, ಗೋಡೆಯ ಮೇಲೆ ಗಿಡ ಬೆಳೆದು ನಿಂತ ಮನೆಯನ್ನು ಉಳಿಸಿಕೊಳ್ಳಲು ಬಾಡಿಗೆಯ ಆದಾಯ ಒಂದು ಒಳ್ಳೆಯ ದಾರಿ ಎಂಬುದನ್ನು ನಾನೂ ಒಪ್ಪುತ್ತೇನೆ. ಬ್ರಿಟನ್ನಿನಲ್ಲಿ 1965ರಲ್ಲಿ ಸ್ಥಾಪನೆಯಾದ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಹಳೆಯ ಕಟ್ಟಡಗಳನ್ನು ಹೀಗೆಯೇ ಬಾಡಿಗೆಗೆ ಕೊಟ್ಟು ಕಾಪಾಡಿಕೊಂಡು ಬಂದಿದೆ. ಆದರೆ ಮನೆ ಉಳಿಯುವುದಕ್ಕೂ ಮನೆಯ ನೋಟವಷ್ಟೇ ಉಳಿಯುವುದಕ್ಕೂ ಇರುವ ಅಂತರವನ್ನು ಆ ಲೇಖನ ಗಮನಿಸಿಲ್ಲ.

ಹಳೆಯ ಕಲ್ಲಿನ ಗೋಡೆ ಒಳಗೂ ಹೊರಗೂ ಒಂದೇ ಸಮನಾಗಿ ಗಟ್ಟಿಯಾಗಿರುವುದಿಲ್ಲ. ಹೊರಗೊಂದು, ಒಳಗೊಂದು ಕಲ್ಲಿನ ಸಾಲು ಕಟ್ಟಿ, ನಡುವೆ ಚೂರುಕಲ್ಲು ಮತ್ತು ಮಣ್ಣು ತುಂಬಿ, ಎರಡು ಸಾಲುಗಳನ್ನೂ ಅಲ್ಲಲ್ಲಿ ಉದ್ದನೆಯ ಅಡ್ಡಗಲ್ಲುಗಳಿಂದ ಬಿಗಿದ ಇಂಥ ಗೋಡೆಗೆ ಮಳೆಯ ನೀರೂ ನೆಲದ ತೇವವೂ ಒಂದಿಷ್ಟು ಸೇರುವುದು ಸಹಜ. ಸಂದುಗಳಲ್ಲಿರುವ ಮಣ್ಣು ಅಥವಾ ಸುಣ್ಣದ ಗಾರೆ ಮೆದುವಾಗಿ, ಸೂಕ್ಷ್ಮ ರಂಧ್ರಗಳಿಂದ ಕೂಡಿರುವುದರಿಂದ ಆ ತೇವ ಅದರ ಮೂಲಕ ಆರಿಹೋಗುತ್ತದೆ. ಅದೇ ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿಯುತ್ತದೆ, ಇಲ್ಲವೇ ಕಲ್ಲಿನ ಮೂಲಕ ಹೊರಬರುತ್ತದೆ. ಆಗ ಅದರೊಡನೆ ಬಂದ ಲವಣ ಹರಳುಗಟ್ಟಿ ಕಲ್ಲಿನ ಮೈ ಪದರ ಪದರವಾಗಿ ಉದುರುತ್ತದೆ. ಗೋಡೆಯೊಳಗೆ ಹುದುಗಿರುವ ತೊಲೆಗಳ ತುದಿ ಕೊಳೆಯುತ್ತದೆ. ಇದೆಲ್ಲ ಕಣ್ಣಿಗೆ ಬೀಳಲು ವರ್ಷಗಳೇ ಹಿಡಿಯುವುದರಿಂದ, ಹೊಸದಾಗಿ ತೆಗೆದ ಛಾಯಾಚಿತ್ರದಲ್ಲಿ ಒಳ್ಳೆಯ ದುರಸ್ತಿಯೂ ಕೆಟ್ಟ ದುರಸ್ತಿಯೂ ಒಂದೇ ರೀತಿ ಕಾಣುತ್ತವೆ. ಒಳಗೋಡೆಯ ಸುಣ್ಣದ ಗಿಲಾವನ್ನೆಲ್ಲ ಕೆತ್ತಿ ತೆಗೆದು, ಬರಿಗಲ್ಲನ್ನು ತೋರಿಸಿ ಅದನ್ನೇ ಸಾಂಪ್ರದಾಯಿಕ ಸೊಗಸೆಂದು ಜಾಹೀರಾತು ಕೊಡುವುದಂತೂ ನನಗೆ ವಿಚಿತ್ರವಾಗಿ ತೋರುತ್ತದೆ. ಎಷ್ಟೋ ಮನೆಗಳಲ್ಲಿ ಆ ಕಲ್ಲನ್ನು ಕಾಣಿಸಲೆಂದು ಕಟ್ಟಿರಲೇ ಇಲ್ಲ.

ಬಾಡಿಗೆಗೆಂದೇ ಸೇರುವ ಸೌಕರ್ಯಗಳದ್ದು ಇನ್ನೊಂದು ಸಮಸ್ಯೆ. ಮನೆಯೊಳಗೆ ನೀರಿನ ಬಳಕೆಯೇ ಕಡಿಮೆಯಿದ್ದ ಕಾಲದ ಕಟ್ಟಡದಲ್ಲಿ ಪ್ರತಿ ಕೋಣೆಗೂ ಸ್ನಾನದ ಮನೆ ಜೋಡಿಸಿ, ಕೊಳವೆಗಳನ್ನು ಗೋಡೆ ಕೊರೆದು ಹುದುಗಿಸಿದರೆ, ಎಲ್ಲೋ ಒಂದು ಕಡೆ ಸೋರಿದ ನೀರು ಗೋಡೆಯ ನಡುವಿನ ಮಣ್ಣನ್ನು ಸೇರಿದ ಮೇಲೆಯೇ ಗೊತ್ತಾಗುವುದು. ಪ್ರವಾಸಿಗರಿಲ್ಲದ ತಿಂಗಳುಗಳಲ್ಲಿ ಬಾಗಿಲು, ಕಿಟಕಿ ಮುಚ್ಚಿಟ್ಟ ಮನೆಯಲ್ಲಿ ಗಾಳಿಯಾಡದೆ ಬೂಸಲು ಹಿಡಿಯುತ್ತದೆ. ದಿನವೂ ಜನ ವಾಸಿಸುವ ಮನೆಯಲ್ಲಿ ಇಂಥವು ಬೇಗ ಯಾರಾದರೊಬ್ಬರ ಗಮನಕ್ಕೆ ಬರುತ್ತವೆ.

ಆದ್ದರಿಂದಲೇ ನೆರೆಹೊರೆಯಲ್ಲಿ ಜನರಿರುವುದು ಮುಖ್ಯ. ಇಟಲಿಯ ಫ್ರಿಯುಲಿಯಲ್ಲಿ 1976ರ ಭೂಕಂಪದ ನಂತರ ಖಾಲಿ ಬಿದ್ದ ಮನೆಗಳನ್ನು ಮತ್ತೆ ಬಳಕೆಗೆ ತರುವ ಪ್ರಯತ್ನದಲ್ಲಿ 'ಅಲ್ಬೆರ್ಗೊ ದಿಫುಸೊ' ಎಂಬ ಕಲ್ಪನೆ ರೂಪುಗೊಂಡಿತು. ಅದರ ಪ್ರಕಾರ ಒಂದೇ ಹೋಟೆಲಿನ ಕೋಣೆಗಳು ಹಳ್ಳಿಯ ಬೇರೆಬೇರೆ ಹಳೆಯ ಮನೆಗಳಲ್ಲಿ ಹರಡಿರುತ್ತವೆ, ಸ್ವಾಗತ ಮತ್ತು ನಿರ್ವಹಣೆ ಒಂದೇ ಕಡೆ ಇರುತ್ತದೆ, ಹಳ್ಳಿಯಲ್ಲಿ ಜನವಸತಿಯೂ ಇರಬೇಕಾಗುತ್ತದೆ. ಇಟಲಿಯದೇ ಆದ ಸಾರ್ಡಿನಿಯಾ ಪ್ರದೇಶ 1998ರಲ್ಲಿ ಇದಕ್ಕೆ ಕಾನೂನಿನ ಮನ್ನಣೆಯನ್ನೂ ಕೊಟ್ಟಿತು. ಗ್ರೀಸಿನ ಮಾನಿಯಲ್ಲಿರುವ ವಾಥಿಯಾ ಹಳ್ಳಿಯದು ಬೇರೆಯೇ ಕಥೆ: ಸರ್ಕಾರದ ಪ್ರವಾಸೋದ್ಯಮ ಸಂಸ್ಥೆ ಅಲ್ಲಿನ ಗೋಪುರದಂಥ ಕಲ್ಲಿನ ಮನೆಗಳಲ್ಲಿ ಕೆಲವನ್ನು ದುರಸ್ತಿ ಮಾಡಿಸಿ ಅತಿಥಿಗೃಹಗಳನ್ನಾಗಿ ಮಾಡಿತು, ಮುಂದೆ ಅವು ಮುಚ್ಚಿದವು, ಊರು ಬಹುಮಟ್ಟಿಗೆ ನಿರ್ಜನವಾಗಿಯೇ ಉಳಿದಿದೆ. ಊರಿನ ಎಲ್ಲ ಮನೆಗಳನ್ನೂ ಪ್ರವಾಸಿಗರಿಗೇ ಮೀಸಲಿಟ್ಟು, ದರ ಏರಿ, ಅಲ್ಲಿ ನೆಲೆಸಬೇಕೆನ್ನುವ ಕುಟುಂಬಕ್ಕೆ ಒಂದು ಮನೆಯೂ ಸಿಗದಂತೆ ಮಾಡುವುದನ್ನು ನಾನು ಸಂರಕ್ಷಣೆ ಎಂದು ಕರೆಯಲಾರೆ.

ಇಂಥ ಮನೆಗಳಿಗೆ ಪರವಾನಗಿ ಅಥವಾ ಸಹಾಯಧನ ಕೊಡುವ ಆಡಳಿತಗಳು ಕೋಣೆಗಳ ಸಂಖ್ಯೆಯ ಜೊತೆಗೆ ಗೋಡೆಗೆ ಬಳಸಿದ ಗಾರೆ ಯಾವುದು, ಕೊಳವೆಗಳು ಎಲ್ಲಿ ಹಾಯ್ದಿವೆ, ಜನರಿಲ್ಲದ ತಿಂಗಳುಗಳಲ್ಲಿ ಮನೆಯನ್ನು ತೆರೆದು ನೋಡಿಕೊಳ್ಳುವವರು ಯಾರು ಎಂಬುದನ್ನೂ ಕೇಳಬೇಕು. ಬಾಡಿಗೆಯ ಒಂದು ಪಾಲನ್ನು ವರ್ಷವರ್ಷದ ದುರಸ್ತಿಗೆ ತೆಗೆದಿಡುವುದನ್ನು ಕಡ್ಡಾಯ ಮಾಡಬೇಕು. ತಮ್ಮ ಲೇಖಕರು ಮುಂದೆ ಇಂಥ ಮನೆಗಳ ಬಗ್ಗೆ ಬರೆಯುವಾಗ, ಕೆಲಸ ಮಾಡಿದ ಕಲ್ಲುಕುಟಿಗರನ್ನೂ ಗಾರೆಯವರನ್ನೂ ಮಾತನಾಡಿಸಿ ಈ ವಿವರಗಳನ್ನು ಓದುಗರಿಗೆ ಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ